ಡಾಕ್ಟರನ ಹಲಗೆ, ಅತ್ತೆಯ ಮೊಣಕಾಲು

ಆ ದಿನ ಎದ್ದವಳೇ ಒಲೆಯ ಬೂದಿ ತೆಗೆದೆ. ಅದೇ ಬೂದಿಯಿಂದ ಕಂದೀಲಿನ ಗಾಜು ಉಜ್ಜಿದೆ. ಎಮ್ಮೆ ಹಿಂಡಿ ಹಾಲು ಕಾಯಿಸಿ, ಒಂದು ವಾಟಗಾ ಹಾಲನ್ನು ಅತ್ತೆಯ ಪೂಜೆಯ ನಂತರಕ್ಕೆಂದು ಮುಚ್ಚಿಟ್ಟೆ. ಪಡಸಾಲೆಯೊಂದನ್ನು ಬಿಟ್ಟು ಮನೆಯನ್ನೆಲ್ಲ ಸಾರಿಸಿದೆ. ಅತ್ತೆಯನ್ನು ಎತ್ತಿ ಹಿತ್ತಲಿಗೆ ಒಯ್ದೆ, ತೊಳೆದೆ, ಎತ್ತಿ ತಂದೆ. ರೊಟ್ಟಿಯ ಹಿಟ್ಟಿಗೆ ಕೈ ಹಾಕುವಷ್ಟರಲ್ಲಿ ಮತ್ತೆ ಕರೆದಳು, ಮತ್ತೆ ಒಯ್ದೆ. ಸ್ನಾನ ಮಾಡಿಸಿ, ವಿಭೂತಿಯ ತಟ್ಟೆ ಮುಂದಿಟ್ಟು, ಪೂಜೆಗೆ ಕೂರಿಸಿದೆ. ಆಕೆಯ ಸೀರೆಯನ್ನು ಬೇರೆ ಕಲ್ಲಿನ ಮೇಲೆ ಒಗೆದು ಬೇಲಿಗೆ ಹಾಕಿದೆ. ಆಮೇಲೆ ಯಜಮಾನರ ಹಳೆಯ ಧೋತರವನ್ನು ಉದ್ದ ಪಟ್ಟಿಗಳಾಗಿ ಹರಿದು, ಕುದಿಯುವ ನೀರಿಗೆ ಹಾಕಿ ತೆಗೆದು, ಅಂಗಳದ ಹಗ್ಗಕ್ಕೆ ಒಣಹಾಕಿದೆ. ಹಾಗೆ ಮಾಡಿರೆಂದು ಡಾಕ್ಟರ ಹೇಳಿ ಹೋಗಿದ್ದ. ಮಧ್ಯಾಹ್ನದ ಮೋಟಾರಿಗೆ ಬಂದು ಆತ ಅತ್ತೆಯ ಎರಡೂ ಮೊಣಕಾಲಿಗೆ ಹಲಗೆ ಕಟ್ಟುವವನಿದ್ದ.

ನನಗಾಗ ಮೂವತ್ತು ತುಂಬಿರಲಿಲ್ಲ. ತವರು ಗೋಕಾಕ. ಕನ್ನಡ ನಾಲ್ಕನೆಯ ಇಯತ್ತೆ ಮುಗಿಸಿ ಮೂಡಲಗಿಯ ಈ ಮನೆಗೆ ಬಂದವಳು. ಮನೆಯಲ್ಲಿ ನಾವು ಮೂವರೇ: ಅತ್ತೆ, ಯಜಮಾನರು, ನಾನು. ಯಜಮಾನರಿಗೆ ಬೆಲ್ಲದ ವ್ಯಾಪಾರ. ಹೊತ್ತು ಹುಟ್ಟಿದರೆ ಅಂಗಡಿ, ಹೊತ್ತು ಮುಳುಗಿದರೆ ಮನೆ. ಅತ್ತೆಯನ್ನು ಎತ್ತುವ ಕೈ ಎಂದರೆ ನನ್ನದೊಂದೇ.

ಡಾಕ್ಟರ ಹುಕ್ಕೇರಿಯ ಜೈನ ವ್ಯಾಪಾರಿಗಳ ಮನೆಯ ಮಗ. ಬೆಳಗಾವಿಯ ಸಾಲೆಯಲ್ಲಿ ಯಜಮಾನರ ಜೊತೆ ಒಂದೇ ಬೆಂಚಿನ ಮೇಲೆ ಕೂತವನಂತೆ. ಮುಂಬಯಿಯಲ್ಲಿ ಓದಿ ಬಂದು ಗೋಕಾಕದಲ್ಲಿ ಕೋಣೆ ಹಿಡಿದಿದ್ದ. ಬರೀ ಔಷಧ ಕೊಟ್ಟು ಕಳಿಸುವ ಡಾಕ್ಟರನಲ್ಲ. ಕೀಲುಗಳಲ್ಲಿ ಬಾವು ಬರುವ ರೋಗಕ್ಕೂ ಕರುಳು ಕೆಟ್ಟು ರಕ್ತ ಬೀಳುವ ರೋಗಕ್ಕೂ ಸಂಬಂಧವಿದೆ ಎಂದು ಆತನ ತಲೆಯಲ್ಲಿ ಕೂತಿತ್ತು. ಎರಡೂ ಒಂದೇ ಬೇರಿನವು, ಆದರೆ ಯಾವುದು ಮೊದಲು ಬರುತ್ತದೆ, ಯಾವುದು ಬೆನ್ನು ಹತ್ತಿ ಬರುತ್ತದೆ, ಅದನ್ನು ಕಂಡುಹಿಡಿಯಬೇಕು ಎನ್ನುತ್ತಿದ್ದ. ಅದಕ್ಕಾಗಿ ಹಳ್ಳಿಯ ರೋಗಿಗಳು ಬೇಕಿದ್ದರು. ಯಜಮಾನರು ನನ್ನನ್ನು ಕೇಳದೆ, ಅತ್ತೆಯನ್ನೂ ಕೇಳದೆ, ನಮ್ಮ ಪಡಸಾಲೆಯನ್ನು ಬಿಟ್ಟುಕೊಟ್ಟರು. ವಾರಕ್ಕೆರಡು ಸಲ ಆತ ಅಲ್ಲಿ ಮೇಜು ಹಾಕಿ, ಅದರ ಮೇಲೆ ಹಿತ್ತಾಳೆಯ ಸೂಕ್ಷ್ಮದರ್ಶಕವಿಟ್ಟು ಕೂರುತ್ತಿದ್ದ. ಊರವರು ಅದಕ್ಕೆ ದುರ್ಬೀನು ಎನ್ನುತ್ತಿದ್ದರು.

ಬಂದವರಿಗೆಲ್ಲ ಸಿಗರೇಟಿನ ದುಂಡು ಡಬ್ಬಿ ಕೊಟ್ಟು ಕಳಿಸುತ್ತಿದ್ದ. ಮರುದಿನ ಮುಂಜಾನೆ ಬಯಲಿಗೆ ಹೋದಾಗಿನದನ್ನು ಅದರಲ್ಲಿ ಹಾಕಿ ತರಬೇಕು. ಊರಿನಲ್ಲಿ ಆತನ ಹೆಸರೇ ಡಬ್ಬಿ ಡಾಕ್ಟರ ಎಂದಾಯಿತು. ಕೌಜಲಗಿಯಿಂದ ಒಬ್ಬ ಗೌಡ ಊರುಗೋಲು ಹಿಡಿದು ಬಂದವನು, ಡಬ್ಬಿ ಯಾತಕ್ಕೆ ಎಂದು ತಿಳಿದ ಮೇಲೆ ಅದನ್ನು ನಮ್ಮ ಕಟ್ಟೆಯ ಮೇಲೇ ಇಟ್ಟು ಎದ್ದು ಹೋದ. ಮಗ್ಗುಲು ಮನೆಯವರು ನಮ್ಮಲ್ಲಿ ಹೆಪ್ಪು ಕೇಳಲು ಬರುವುದನ್ನು ಬಿಟ್ಟರು. ಬಾವಿಯಲ್ಲಿ ನಾನು ಕೊಡ ಇಳಿಬಿಟ್ಟರೆ ಉಳಿದವರು ತಮ್ಮ ಹಗ್ಗ ಮೇಲೆಳೆದುಕೊಳ್ಳುತ್ತಿದ್ದರು. ಡಬ್ಬಿಗಳನ್ನು ಸುಣ್ಣದ ನೀರಿನಲ್ಲಿ ತೊಳೆದು ಕುದಿಸುವ ಕೆಲಸವೂ ನನಗೇ ಬಂತು. ಆತ ಅದನ್ನು ಮಾಡಿರೆಂದು ಕೇಳಲಿಲ್ಲ, ಮಾಡಿದಿರೆಂದು ಹೇಳಲೂ ಇಲ್ಲ. ತೊಳೆದ ಡಬ್ಬಿ ಎಲ್ಲಿಂದ ಬರುತ್ತವೆ ಎಂಬುದು ಆತನಿಗೆ ಗೊತ್ತಿತ್ತೋ ಇಲ್ಲವೋ.

ಮೇಲಾಗಿ ಆತ ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟುವವನಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣುವವನೂ ಅಲ್ಲ. ಬಂದ ದಿನವೆಲ್ಲ ಆತನಿಗೊಂದು ಬೇರೆ ಗಡಿಗೆ, ಬೇರೆ ಸೌಟು. ಎರಡನೆಯ ಒಲೆ ಹಚ್ಚಿ ದೀಪ ಹಚ್ಚುವುದಕ್ಕೆ ಮೊದಲೇ ಊಟಕ್ಕೆ ಹಾಕಬೇಕು. ಅತ್ತೆ ಒಳಗಿನಿಂದಲೇ ಕೇಳುವಂತೆ ಹೇಳುತ್ತಿದ್ದಳು: ಉಳ್ಳಾಗಡ್ಡಿ ನೆಲದೊಳಗ ಬೆಳೀತೈತಿ ಅಂತ ಹೊಲಸಾತು, ಡಬ್ಬ್ಯಾಗಿಂದು ಮಾತ್ರ ದೇವರ ಪ್ರಸಾದ.

ಇನ್ನು ಅತ್ತೆ. ಕೌಜಲಗಿಯ ದೊಡ್ಡ ಮನೆತನದ ಮಗಳು. ಮಾತು ಕಲ್ಲಿನಲ್ಲಿ ಹೊಡೆದಂತೆ. ನಾನು ಬಂದ ವರ್ಷದಿಂದಲೂ ಆಕೆಯ ಮೊಣಕಾಲು ಆಗಾಗ ಕುಂಬಳಕಾಯಿಯಂತೆ ಬಾಯುತ್ತಿದ್ದವು, ಕೆಲವು ವಾರಕ್ಕೆ ಇಳಿಯುತ್ತಿದ್ದವು. ತನ್ನ ಸೀರೆ ತಾನೇ ಒಗೆದುಕೊಳ್ಳುತ್ತಿದ್ದಳು. ಸೊಸೆಯ ಕೈಗೆ ಕೊಡಲು ಮನಸ್ಸಿಲ್ಲವೆಂದೇ ನಾನು ತಿಳಿದಿದ್ದೆ. ಬಾವು ಇಳಿಯದೆ ನಿಂತು, ಆಕೆ ಬಾವಿಕಟ್ಟೆಗೆ ಹೋಗಲಾರದಂತಾಗಿ ಸೀರೆ ನನ್ನ ಕೈಗೆ ಬಂದಾಗ, ಅದರಲ್ಲಿ ರಕ್ತ ಇರುವುದನ್ನು ನೋಡಿದೆ. ಏನೂ ಕೇಳಲಿಲ್ಲ. ಆಕೆಯೂ ಹೇಳಲಿಲ್ಲ. ಆದರೆ ನಾನು ಯಜಮಾನರಿಗೆ ಹೇಳಿದೆ, ಅವರು ಡಾಕ್ಟರನಿಗೆ ಹೇಳಿದರು.

ಆತ ಒಳಗೆ ಬಂದು ಮೊಣಕಾಲು ಒತ್ತಿ ನೋಡಿ, ಹೊಟ್ಟೆಯ ಸುದ್ದಿ ಕೇಳಿದ. ಎಷ್ಟು ಸಲ ಹೋಗುತ್ತೀರಿ, ಬಣ್ಣ ಹೇಗೆ, ಯಾವಾಗಿನಿಂದ. ಅತ್ತೆ ಸೆರಗು ಮೊಣಕಾಲ ಮೇಲೆ ಎಳೆದುಕೊಂಡು ಯಜಮಾನರತ್ತ ತಿರುಗಿದಳು.

“ತಮ್ಮಾ, ಮೊಣಕಾಲ ನೋಡಪಾ ಅಂದ್ರ ಹಿಂದಿಂದ ಕೇಳತಾನ. ಇಂವ ಓದಿದ ಪುಸ್ತಕ ತೆಳಗ ಮ್ಯಾಲ ಆಗಿರಬೇಕ ನೋಡು.”

ಡಾಕ್ಟರ ನಗಲಿಲ್ಲ. ಆತ ನಗುವವನೇ ಅಲ್ಲ. ಅತ್ತೆ ಹಗಲೂ ರಾತ್ರಿ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದಳು. ಮೊಣಕಾಲಿನ ಕೆಳಗೆ ಎರಡೂ ಬದಿಗೆ ಕೌದಿ ಮಡಚಿ ತುರುಕಿಕೊಂಡಿದ್ದಳು. ಆತ ಆ ಕೌದಿಗಳನ್ನು ಎಳೆದು ತೆಗೆದ. ಕಾಲು ಹೀಗೆ ಮಡಚಿಯೇ ಇಟ್ಟರೆ ಕೀಲು ಹೀಗೆಯೇ ಗಟ್ಟಿಯಾಗುತ್ತವೆ, ಮುಂದೆ ಯಾರು ಎಳೆದರೂ ಬಿಚ್ಚುವುದಿಲ್ಲ ಎಂದ.

“ಗಟ್ಟಿ ಆಗಲಿ ಅಂತನ ಮಡಚೇನಿ,” ಎಂದಳು ಅತ್ತೆ. “ಕೌದಿ ಇತ್ತ ಕೊಡು.”

ಆಕೆ ತಿಳಿಯದೆ ಹಾಗೆ ಕೂತವಳಲ್ಲ. ಕೀಲು ಹೇಗಾದರೂ ಹಿಡಿದುಕೊಳ್ಳುವುದೇ ಇದ್ದರೆ ಯಾವ ರೀತಿ ಹಿಡಿಯಬೇಕೆಂದು ಆಕೆ ತಾನೇ ಆರಿಸಿಕೊಂಡಿದ್ದಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕಾಲು ಮಡಚಿ ಕೂರಿಸುತ್ತಾರೆ, ಬಿದಿರು, ಹೂವಿನ ವಿಮಾನ ಕಟ್ಟಿ ಅದರಲ್ಲಿ ಕೂತಂತೆಯೇ ಹೊತ್ತು ಒಯ್ಯುತ್ತಾರೆ, ಎಡಗೈಯಲ್ಲಿ ಲಿಂಗವಿಟ್ಟು ಕೂತಂತೆಯೇ ಮಣ್ಣು ಕೊಡುತ್ತಾರೆ. ಅತ್ತೆ ಹುಡುಗಿಯಾಗಿದ್ದಾಗ ಆಕೆಯ ದೊಡ್ಡವ್ವನಿಗೆ ಇದೇ ರೋಗವಾಗಿತ್ತಂತೆ. ಅವಳ ಕಾಲು ನೆಟ್ಟಗೆ ಕೊರಡಿನಂತೆ ಹಿಡಿದುಕೊಂಡಿದ್ದವು. ಸತ್ತ ದಿನ ಕೂರಿಸಲು ಬರಲಿಲ್ಲ. ಗಂಡಸರು ಇಬ್ಬರು ಮೊಣಕಾಲ ಮೇಲೆ ಭಾರ ಹಾಕಿದರು. ಕೀಲು ಮುರಿದ ಸಪ್ಪಳ ಭಜನೆಯವರ ತಾಳದ ಮೇಲೆ ಕೇಳಿತು, ತಾಳ ನಿಂತಿತು ಎಂದು ಅತ್ತೆ ಹೇಳುತ್ತಿದ್ದಳು. ಈ ಕಥೆಯನ್ನು ಆಕೆ ನನಗೆ ಹೇಳಿದ್ದು ಪ್ರೀತಿಯಿಂದಲ್ಲ. ನಾಳೆ ನನ್ನನ್ನು ಕೂರಿಸುವವರು ನೀವೇ, ನೆನಪಿರಲಿ ಎಂದು ಹೇಳಿದ್ದು.

ಡಾಕ್ಟರನ ಲೆಕ್ಕ ಬೇರೆ. ಮೊಣಕಾಲನ್ನು ಸ್ವಲ್ಪ ಸ್ವಲ್ಪ ನೆಟ್ಟಗೆ ಮಾಡುತ್ತ, ಹಿಂದೆ ಹಲಗೆ ಕೊಟ್ಟು ಕಟ್ಟಿದರೆ, ಕೀಲು ಹಿಡಿದರೂ ನೆಟ್ಟಗೆ ಹಿಡಿಯುತ್ತದೆ. ಕೋಲು ಹಿಡಿದು ತಾನೇ ಎದ್ದು ಹಿತ್ತಲಿಗೆ ಹೋಗಬಹುದು. ಇನ್ನೂ ಸಮಯವಿದೆ, ದೀಪಾವಳಿ ದಾಟಿದರೆ ಇರುವುದಿಲ್ಲ. ನೆಲದ ಮೇಲೆ ಕೂರಲು ಬರುತ್ತದೆಯೇ ಎಂದು ಯಜಮಾನರು ಕೇಳಿದರು. ಬರಲಿಕ್ಕಿಲ್ಲ, ಕುರ್ಚಿಯ ಮೇಲೆ ಕಾಲು ಚಾಚಿ ಕೂರಬಹುದು ಎಂದ. ಅದನ್ನು ಮುಚ್ಚಿಡದೆ ಹೇಳಿದ. ಅಷ್ಟನ್ನು ಆತನ ಪರವಾಗಿ ಹೇಳಬೇಕು.

ನಾನು ಯಾರ ಕಡೆಯಾಗಿದ್ದೆ ಎಂದರೆ ಹಲಗೆಯ ಕಡೆ. ಡಾಕ್ಟರನ ಮೇಲೆ ಪ್ರೀತಿ ಇತ್ತೆಂದಲ್ಲ. ಒಂದು ಮುಂಜಾನೆಯೊಳಗೆ ಮೈಭಾರದ ಒಬ್ಬ ಹೆಂಗಸನ್ನು ಐದಾರು ಸಲ ಎತ್ತಿ ಇಳಿಸಿದವರಿಗೆ ಈ ಮಾತು ತಿಳಿಯುತ್ತದೆ. ಮಡಚಿದ ಕಾಲಿನವರನ್ನು ಎತ್ತುವುದು ತುಂಬಿದ ಚೀಲ ಎತ್ತಿದಂತಲ್ಲ, ಎಲ್ಲಿ ಹಿಡಿದರೂ ಅವರಿಗೆ ನೋವು. ನೋವಾದರೆ ಅತ್ತೆ ನನ್ನ ರಟ್ಟೆ ಚಿವುಟುತ್ತಿದ್ದಳು. ನನ್ನ ತವರಿನವರು ನನಗೆ ಕೈ ಕೊಟ್ಟಿಲ್ಲ, ಕಟ್ಟಿಗೆ ಕೊಟ್ಟಿದ್ದಾರೆ ಎನ್ನುತ್ತಿದ್ದಳು. ಆಗಲೇ ನನ್ನ ಟೊಂಕ ಹಿಡಿದುಕೊಳ್ಳಲು ಸುರುವಾಗಿತ್ತು. ಆಕೆ ಒಂದು ಹೆಜ್ಜೆ ತಾನೇ ಇಟ್ಟರೆ ಸಾಕೆಂದು ನಾನು ಹರಕೆ ಹೊರುವುದೊಂದೇ ಬಾಕಿ.

ಯಜಮಾನರು ಒಂದು ಉಪಾಯ ಮಾಡಿ, ಮನೆಗೆ ಭಿಕ್ಷೆಗೆ ಬರುವ ಅಯ್ಯನವರನ್ನು ಕರೆತಂದರು. ಲಿಂಗ ಕೈಯಲ್ಲಿದ್ದರೆ ಸಾಕು ತಾಯಿ, ಕಾಲು ಹೇಗಿದ್ದರೇನು, ಶಿವ ಕಾಲು ನೋಡುವುದಿಲ್ಲ ಎಂದು ಅವರು ಸಮಾಧಾನ ಹೇಳಿದರು. ಅತ್ತೆ ಕೈಮುಗಿದೇ ಕೇಳಿದಳು: “ಹಂಗಾರ ಬುದ್ಧೀ, ನಾಳಿ ನಿಮ್ಮನ್ನ ಮಲಗಿಸೇ ಇಡ್ರಿ ಅಂತ ನಿಮ್ಮ ಮಕ್ಕಳಿಗೆ ಹೇಳಿ ಕಳಸಲೇನ್ರಿ?” ಅಯ್ಯನವರು ಜೋಳಿಗೆ ಹೆಗಲಿಗೇರಿಸಿದರು. ಜೋಳ ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಲಿಲ್ಲ. ಎರಡು ವಾರ ನಮ್ಮ ಓಣಿಗೆ ಬರಲಿಲ್ಲ.

ಕೊನೆಗೆ ಯಜಮಾನರೇ ಗಟ್ಟಿ ಮನಸ್ಸು ಮಾಡಿ ಬಡಿಗನಿಗೆ ಹೇಳಿದರು. ಬೇವಿನ ಕಟ್ಟಿಗೆಯ ಎರಡು ಹಲಗೆ, ನುಣ್ಣಗೆ ಕೆತ್ತಿ, ಅಂಚು ದುಂಡಗೆ ಮಾಡಿ ತಂದುಕೊಟ್ಟ. ಅರಳೆಯ ಮೆತ್ತೆ ನಾನು ಹೊಲಿದೆ. ಕಟ್ಟುವ ದಿನ ಯಜಮಾನರಿಗೆ ಅಂಗಡಿಯಲ್ಲಿ ತುರ್ತು ಕೆಲಸ ಬಂತು. ನೀನು ಇದ್ದೀಯಲ್ಲ ಎಂದು ನನಗೆ ಹೇಳಿ ಚಪ್ಪಲಿ ಮೆಟ್ಟಿದರು.

ಡಾಕ್ಟರ ಬಂದಾಗ ಅತ್ತೆಯ ಪೂಜೆ ಮುಗಿದಿರಲಿಲ್ಲ. ಮುಂಜಾನೆ ಕೂತವಳು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಹಾಗೇ ಇದ್ದಳು. ಪೂಜೆಯಲ್ಲಿ ಇದ್ದವರನ್ನು ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ. ಆಕೆಯ ಹುನ್ನಾರ ನನಗೆ ಹೊತ್ತೇರಿದ ಮೇಲೆ ತಿಳಿಯಿತು. ಮುಚ್ಚಿಟ್ಟ ಹಾಲಿನ ಮೇಲೆ ಕೆನೆ ದಪ್ಪಗಾಗಿತ್ತು. ಮಣಿಕಟ್ಟಿಗೂ ಬಾವು ಇತ್ತು, ಆದರೂ ಲಿಂಗ ಹಿಡಿದ ಕೈ ಇಳಿಸಲಿಲ್ಲ. ನಾನು ಒಣಗಿದ ಪಟ್ಟಿಗಳನ್ನು ಸುರುಳಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತೆ. ಡಾಕ್ಟರ ಪಡಸಾಲೆಯಲ್ಲಿ ಒಂದಿಷ್ಟು ತಿರುಗಾಡಿ, ಗಡಿಯಾರ ನೋಡಿ, ಕೊನೆಗೆ ಹೊಸ್ತಿಲಿಗೆ ಬಂದ.

“ಕಾಕೂ, ಪೂಜಿ ಮುಗೀತೇನ್ರಿ?”

ಅತ್ತೆ ಲಿಂಗದ ಮೇಲಿನ ಕಣ್ಣು ಕೀಳದೆ, “ನೀ ಹೋಗೂತನಾ ಮುಗಿಯೂದಿಲ್ಲ,” ಎಂದಳು.

ಆತ ಹಿಂದೆ ಸರಿಯಲಿಲ್ಲ. ಹಲಗೆಗಳನ್ನು ಗೋಡೆಗೆ ಆನಿಸಿ, ಹೊಸ್ತಿಲಾಚೆ ಮಣೆಯ ಮೇಲೆ ಪ್ಯಾಂಟಿನ ಕಾಲು ಮುಂದೆ ಚಾಚಿ ಕೂತ. ಮತ್ತೊಮ್ಮೆ ತಿಳಿಹೇಳಿದ. ನಿಂತು ನಡೆಯುವ ಮನುಷ್ಯ ಹೀಗೆ ಕಲ್ಲಾಗಿ ಕೂರುವುದು ಯಾಕೆ, ಸತ್ತ ದಿನದ ಒಂದು ತಾಸಿನ ಸಲುವಾಗಿ ಬದುಕಿರುವ ವರ್ಷಗಳನ್ನು ಕಳೆಯುವುದು ಯಾವ ಶಾಣ್ಯಾತನ, ಎಂದೆಲ್ಲ. ಮಾತಿನಲ್ಲಿ ಹುಕ್ಕೇರಿಯ ಕನ್ನಡವಿತ್ತು, ಧ್ವನಿಯಲ್ಲಿ ಮುಂಬಯಿ ಇತ್ತು.

“ನಿಮ್ಮ ಮಂದಿ ಮಲಗಿ ಹೋಗಾವ್ರು,” ಎಂದಳು ಅತ್ತೆ. “ನಾವು ಕುಂತ ಹೋಗಾವ್ರು. ನಿನಗ ನೆಟ್ಟಗ ಕುಂಡ್ರಾಕ ಬರಂಗಿಲ್ಲ, ನನಗ ಕಲಸಾಕ ಬಂದಿ.”

ಆತ ಕಾಲು ಒಳಗೆಳೆದುಕೊಂಡ. ಬೇರೆಯದೇ ಒಂದು ಪ್ರಶ್ನೆ ಕೇಳಿದ.

“ಮೊದಲನೇ ಸಲ ಮೊಣಕಾಲ ಬಾತಾಗ, ಕಣ್ಣ ಕೆಂಪಾಗಿದ್ದೂವೇನ್ರಿ?”

ಅತ್ತೆಯ ಕಣ್ಣು ಲಿಂಗದಿಂದ ಮೇಲೆದ್ದವು. ಮೊದಲು ನನ್ನನ್ನು ನೋಡಿದಳು, ನಾನು ಹೇಳಿದೆನೋ ಎಂದು. ನನಗೆ ಆ ಸುದ್ದಿಯೇ ಗೊತ್ತಿರಲಿಲ್ಲ. “ಅದನ್ನ ನಿನಗ ಯಾರ ಹೇಳಿದರು?” ಎಂದಳು. ಯಾರೂ ಹೇಳಿಲ್ಲ, ಹಾಗೆ ಆದವರನ್ನು ಕಂಡಿದ್ದೇನೆ, ಹೊಟ್ಟೆ ಕೆಟ್ಟ ಮೇಲೆ ಕಣ್ಣು, ಕಣ್ಣಿನ ಮೇಲೆ ಮೊಣಕಾಲು ಎಂದ. ಆ ಮನೆಯಲ್ಲಿ ಅಷ್ಟು ವರ್ಷ ಇದ್ದ ನಾನು ತಿಳಿಯದ್ದನ್ನು ಆತ ಹೊಸ್ತಿಲಾಚೆ ಕೂತು ತಿಳಿದಿದ್ದ. ಅತ್ತೆಯ ಮುಖ ಒಂದು ಗಳಿಗೆ ಸಡಿಲಾಯಿತು. ಮರುಗಳಿಗೆಯೇ ಬಿಗಿಯಿತು, ಆದರೆ ಬೇರೆ ರೀತಿಯಲ್ಲಿ. ಸಂತೆಯಲ್ಲಿ ಎದುರಿನವನಿಗೆ ತನ್ನ ಸಾಮಾನು ಬೇಕೇ ಬೇಕು ಎಂದು ಗುರುತು ಸಿಕ್ಕಾಗ ಮಾರುವವರ ಮುಖ ಹಾಗಾಗುತ್ತದೆ.

“ಮುಂದಿಂದ ಬೇಕೇನ ನಿನಗ?”

“ಬೇಕ್ರಿ.”

“ಖರೆ ಬೇಕು?”

“ಭಾಳ ಬೇಕ್ರಿ ಕಾಕೂ.”

“ಹಲಗಿ ಹೊರಗ ಒಯ್ಯಿ. ಇನ್ನ ಮ್ಯಾಲ ನನ್ನ ಕಾಲಿನ ಸುದ್ದಿ ತಗೀಬಾರದು. ಎಲ್ಲಾ ಹೇಳತೇನಿ. ಡಬ್ಬಿನೂ ತುಂಬಿ ಕೊಡತೇನಿ.”

ಆತ ಗೋಡೆಗೆ ಆನಿಸಿದ ಹಲಗೆಗಳನ್ನು ನೋಡಿದ. ಆಮೇಲೆ ನನ್ನ ಮಡಿಲಿನ ಪಟ್ಟಿಗಳನ್ನು ನೋಡಿದ. ನನ್ನ ಮುಖ ನೋಡಲಿಲ್ಲ. ಕಿಸೆಯಿಂದ ಪೆನ್ನು ತೆಗೆದ.

ನಾನು ಸೊಸೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅತ್ತೆಯ ಎದುರು, ಪರಗಂಡಸಿನೊಂದಿಗೆ ಧ್ವನಿ ಎತ್ತಿದವಳಲ್ಲ. ಅಂದು ಎತ್ತಿದೆ.

“ಡಾಕ್ಟರ್ರ, ನೀವು ಹಲಗಿ ಕಟ್ಟಾಕ ಬಂದೀರಿ.”

“ವೈನಿ,” ಎಂದ ಆತ, ಮೆಲ್ಲಗೆ, “ಇವರು ಹೇಳೂದು ಹತ್ತು ಮಂದಿಗೆ ಉಪಯೋಗ ಆಗತೈತಿ.”

“ಇವರನ್ನ ಎತ್ತಾಕ ಆ ಹತ್ತು ಮಂದಿ ಬರೂದಿಲ್ರಿ.”

ಉತ್ತರ ಕೊಟ್ಟವಳು ಅತ್ತೆ. “ಈಕಿ ಅದಾಳಲ್ಲ, ಎತ್ತತಾಳ. ನೀ ಬರಿ,” ಎಂದು ಲಿಂಗವನ್ನು ಕಣ್ಣಿಗೊತ್ತಿ, ಕೊರಳಿನ ಕರಡಿಗೆಯಲ್ಲಿ ಇಟ್ಟು ಮುಚ್ಚಿದಳು. ಪೂಜೆ ಮುಗಿಯಿತು.

ಆಮೇಲೆ ಆಕೆ ಹೇಳಿದ್ದನ್ನು ನಾನೂ ಕೇಳಿದೆ. ಎದ್ದು ಹೋಗಬೇಕೆನಿಸಿದರೂ ಹೋಗಲಿಲ್ಲ. ಯಜಮಾನರಿನ್ನೂ ಕೂಸಾಗಿದ್ದಾಗ ಪ್ಲೇಗು ಬಂದು, ಊರು ಬಿಟ್ಟು ಎಲ್ಲರೂ ಹೊಲದಲ್ಲಿ ಗುಡಿಸಲು ಹಾಕಿದ್ದರಂತೆ. ಹಳ್ಳದ ನೀರು ಕುಡಿದು ಆಕೆಗೆ ರಕ್ತ ಬೀಳತೊಡಗಿತು. ಯಾವ ರೋಗವಾದರೂ ಸರಿ, ಗೊತ್ತಾದರೆ ಸರಕಾರದವರು ರೋಗಿಗಳನ್ನಿಡುವ ಬೇರೆ ಛಾವಣಿಗೆ ಒಯ್ದು ಕೂಡಿಹಾಕುತ್ತಾರೆಂಬ ಭಯ. ಕೂಸು ಬಿಟ್ಟು ಹೋಗುವವಳಲ್ಲ. ಹಾಗಾಗಿ ಯಾರಿಗೂ ಹೇಳದೆ, ಕತ್ತಲಿದ್ದಾಗಲೇ ಎದ್ದು ಹಳ್ಳಕ್ಕೆ ಹೋಗಿ ತನ್ನ ಸೀರೆ ತಾನೇ ಒಗೆಯತೊಡಗಿದಳು. ರಕ್ತ ನಿಂತ ಮೇಲೆ ಕಣ್ಣು ಕೆಂಪಾದವು, ಕಣ್ಣು ತಿಳಿಯಾಗುವಷ್ಟರಲ್ಲಿ ಮೊಣಕಾಲು ಬಾತವು. ಅಲ್ಲಿಂದ ಮುಂದೆ ಹೊಟ್ಟೆ ಕೆಟ್ಟಾಗೊಮ್ಮೆ ಕೀಲು. ಮುಚ್ಚಿಡುವುದು ರೂಢಿಯಾಯಿತು, ರೂಢಿ ಬಿಡಲಿಲ್ಲ. ಡಾಕ್ಟರ ತಲೆಯೆತ್ತದೆ ಬರೆದ. ಒಂದೆರಡು ಸಲ ಆತನ ಕೈ ಅವಸರಕ್ಕೆ ಕಾಗದ ಹರಿಯುವಂತೆ ಓಡಿತು. ಆತ ಅಷ್ಟು ಸಂತೋಷದಲ್ಲಿರುವುದನ್ನು ನಾನು ಮೊದಲ ಸಲ ನೋಡಿದೆ, ಮತ್ತು ಆ ಸಂತೋಷವನ್ನು ಇಂದಿಗೂ ಕ್ಷಮಿಸಿಲ್ಲ.

ಕೈ ತೊಳೆಯಲು ಹಿತ್ತಲಿಗೆ ಬಂದವನು, ಮುಂದಿನ ವಾರ ಮತ್ತೆ ಕಾಕುವನ್ನು ಒಪ್ಪಿಸಿ ನೋಡೋಣ ಎಂದ. ಮುಂದಿನ ವಾರ ಎತ್ತಲಿಕ್ಕೂ ನೀವೇ ಬನ್ನಿ ಎಂದು ನೀರು ಹಾಕಿದೆ. ಮುಂದಿನ ವಾರ ಬಂದ. ಮಾತು ಕೊಟ್ಟೀಯಲ್ಲ ಎಂದಳು ಅತ್ತೆ. ಹೌದು ಎಂದ. ಕೊಟ್ಟ ಮಾತಿಗೆ ತಪ್ಪುವವನಾಗಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ದೀಪಾವಳಿಯ ಹೊತ್ತಿಗೆ ಮೊಣಕಾಲು ಆಕೆ ಬಯಸಿದಂತೆಯೇ ಮಡಚಿ ಗಟ್ಟಿಯಾದವು. ಮರುವರ್ಷ ಆತ ಮೇಜು, ದುರ್ಬೀನು ಕಟ್ಟಿಕೊಂಡು ಮುಂಬಯಿಗೆ ಹೋದ. ಯಜಮಾನರಿಗೆ ಹೋದವನ ಮೇಲೆ ಈಗಲೂ ಅಭಿಮಾನ. ಹೆಸರು ತೆಗೆದರೆ ನಾನು ಎದ್ದು ಒಳಗೆ ಹೋಗುತ್ತೇನೆ.

ಅತ್ತೆ ಅದರ ಮೇಲೂ ಬಹಳ ವರ್ಷ ಬದುಕಿದಳು. ನಾನು ಎತ್ತಿದೆ. ಆ ಎರಡು ಹಲಗೆ ಜೋಡಿಸಿ ಬಚ್ಚಲಲ್ಲಿ ಹಾಕಿಕೊಂಡೆ, ಆಕೆಯನ್ನು ಅದರ ಮೇಲೆ ಕೂರಿಸಿ ನೀರು ಹಾಕುತ್ತಿದ್ದೆ. ಬೇವಿನ ಕಟ್ಟಿಗೆ, ನೀರಿಗೆ ಕೆಡಲಿಲ್ಲ. ಆಕೆ ತೀರಿಕೊಂಡ ದಿನ ಗೋಡೆಗೆ ಆನಿಸಿದರು, ಆನಿಸಿದ ಹಾಗೇ ಕೂತಳು. ಯಾರೂ ಒತ್ತಲಿಲ್ಲ, ಯಾರೂ ಕಟ್ಟಲಿಲ್ಲ. ಇಷ್ಟು ಚೆಂದ ಕೂತವರನ್ನು ನೋಡಿಲ್ಲವೆಂದು ಅಯ್ಯನವರು ಹೇಳಿದರು. ತಾಳ ನಿಲ್ಲಲಿಲ್ಲ. ಆಕೆ ಗೆದ್ದಳು. ನಾನು ಟೊಂಕದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದೆ, ಆ ಹೊತ್ತಿಗೆ ನನಗೆ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ.

ಆ ಸಂಜೆ, ಹಲಗೆ ಕಟ್ಟದೆ ಉಳಿದ ಸಂಜೆ, ನಾನು ಎರಡನೆಯ ಒಲೆ ಹಚ್ಚಲಿಲ್ಲ. ಬದನೆಕಾಯಿಗೂ ಉಳ್ಳಾಗಡ್ಡಿ ಹಾಕಿದೆ, ಬೇಳೆಗೂ ಬೆಳ್ಳುಳ್ಳಿ ಹಾಕಿದೆ. ಡಾಕ್ಟರ ವಾಸನೆ ಹಿಡಿದು ತಿಳಿದುಕೊಂಡ. ಇನ್ನೂ ಬಿಸಿಲಿದ್ದಾಗಲೇ ಎರಡು ಜೋಳದ ರೊಟ್ಟಿಯನ್ನು ಬರೀ ಮೊಸರು, ಉಪ್ಪಿನಲ್ಲಿ ಉಂಡ. ಇನ್ನೇನಾದರೂ ಇದೆಯೇ ಎಂದು ಕೇಳಲಿಲ್ಲ. ಗೋಕಾಕದ ಕೊನೆಯ ಮೋಟಾರಿಗೆ ಹೋದ. ಯಜಮಾನರು ಬಂದು, ಕಟ್ಟಿದಿರೇನು ಎಂದು ಕೇಳಿ, ನನ್ನ ಮುಖ ನೋಡಿ, ಬದನೆಕಾಯಿ ಚೆನ್ನಾಗಿದೆ ಎಂದು ಮೂರು ರೊಟ್ಟಿ ಉಂಡರು. ಅತ್ತೆ ಕೆನೆಗಟ್ಟಿದ ಹಾಲಿಗೆ ರೊಟ್ಟಿ ಚೂರು ಮಾಡಿ ಹಾಕಿಸಿಕೊಂಡು, ವಾಟಗಾ ಬರಿದಾಗುವವರೆಗೆ ಬಿಡಲಿಲ್ಲ. ನಾನು ತಳದ ಬೇಳೆಗೆ ತಂಗಳು ರೊಟ್ಟಿ ಅದ್ದಿಕೊಂಡೆ. ಮೊದಲು ಮಲಗಿದವಳು ಅತ್ತೆ. ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲ ಕೆಳಗೆ ಎರಡೂ ಕೌದಿ ತುರುಕಿಸಿಕೊಂಡು, ಕೂತಲ್ಲೇ ನಿದ್ದೆ ಹೋದಳು.